ಪಟ್ಟಣದ ನಕ್ಷೆಯೂ ನಮ್ಮ ಹೊಲವೂ

ಬೀಜ, ಗೊಬ್ಬರ, ಮಳೆಗಳ ವಿಚಾರವನ್ನು ಈ ಪುಟದಲ್ಲಿ ಬರೆಯುವುದು ವಾಡಿಕೆ. ಈ ವಾರ ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಹೊಲವೇ ಕೈಬಿಟ್ಟ ಮೇಲೆ ಗೊಬ್ಬರದ ಮಾತೇತಕ್ಕೆ?

ಹೊಸೂರು ಸೀಮೆಯ ನಮಗೆ ಈ ಪ್ರಶ್ನೆ ಈಗ ಎದುರಾಗಿದೆ. ಹೊಸೂರು ೨೦೧೯ರಲ್ಲಿ ಮಹಾನಗರಪಾಲಿಕೆಯಾಯಿತು. ಬೆಂಗಳೂರನ್ನು ಸುತ್ತುವ, ಸುಮಾರು ೨೮೦ ಕಿಲೋಮೀಟರು ಉದ್ದದ ಉಪನಗರ ವರ್ತುಲ ರಸ್ತೆಯ ಒಂದು ಭಾಗ ನಮ್ಮ ಕಡೆಗೂ ಸೇರಿದೆ. ೨,೦೦೦ ಎಕರೆಯ ವಿಮಾನ ನಿಲ್ದಾಣವನ್ನು ೨೦೨೪ರ ಜೂನ್ ತಿಂಗಳಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಘೋಷಿಸಲಾಯಿತು. ಇವೆಲ್ಲ ಮೊದಲು ಬರುವುದು ಕಾಗದದ ಮೇಲೆ, ಆಮೇಲೆ ಹೊಲಕ್ಕೆ. ಕಾಗದದ ಮಾತು ತಿಳಿಯದವನಿಗೆ ಹೊಲಕ್ಕೆ ಬಂದಾಗಲೇ ಸುದ್ದಿ.

ನಮ್ಮ ನೆರೆಯ ಹಿರಿಯರೊಬ್ಬರ ರಾಗಿ ಹೊಲದಲ್ಲಿ ಒಂದು ದಿನ ಕಲ್ಲು ನೆಟ್ಟು ಹೋದರು. ಅವರು ವಿದ್ಯುತ್ ಕಂಬಕ್ಕೆಂದು ತಿಳಿದು ಸುಮ್ಮನಿದ್ದರು. ಪತ್ರಿಕೆಯಲ್ಲಿ ಬಂದ ಪ್ರಕಟಣೆ ತಮಿಳಿನಲ್ಲಿತ್ತು, ಹಿರಿಯರಿಗೆ ಬರುವುದು ಕನ್ನಡದ ಓದು. ನಮ್ಮ ಕೈಗೆ ಆ ಕಾಗದವನ್ನು ತಂದು ಕೊಡುವ ಹೊತ್ತಿಗೆ ತಕರಾರಿನ ಅವಧಿ ಮುಗಿದಿತ್ತು. ಆದಕಾರಣ ಕೆಲವು ಮಾತುಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮಾಸ್ಟರ್ ಪ್ಲಾನ್: ಪಟ್ಟಣವೂ ಅದರ ಸುತ್ತಲಿನ ಹಳ್ಳಿಗಳೂ ಮುಂದಿನ ವರ್ಷಗಳಲ್ಲಿ ಹೇಗೆ ಬೆಳೆಯಬೇಕೆಂಬುದರ ನಕ್ಷೆ ಇದು. ತಮಿಳುನಾಡಿನಲ್ಲಿ ಇದು ೧೯೭೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ನಡೆಯುತ್ತದೆ. ಕರಡು ನಕ್ಷೆಯ ಪ್ರಕಟಣೆ ಸರ್ಕಾರಿ ಗೆಜೆಟ್ಟಿನಲ್ಲಿ ಬಂದ ದಿನದಿಂದ ತಕರಾರು ಹೇಳಲು ಎರಡು ತಿಂಗಳಿಗೆ ಕಡಮೆಯಿಲ್ಲದ ಅವಕಾಶ ಕೊಡತಕ್ಕದ್ದು. ಯಾರು ಬೇಕಾದರೂ ತಕರಾರನ್ನೋ ಸಲಹೆಯನ್ನೋ ಬರೆದು ಕೊಡಬಹುದು. ಸರ್ಕಾರ ಮಂಜೂರು ಮಾಡಿದ ಮೇಲೆ ನಕ್ಷೆಯನ್ನು ಬದಲಿಸುವುದು ಬಲು ಕಷ್ಟ.

ಭೂಬಳಕೆ ಮತ್ತು ವಲಯ: ಯಾವ ನೆಲ ಯಾವುದಕ್ಕೆ ಎಂಬುದು ಭೂಬಳಕೆ. ಹಾಗೆ ಗೆರೆ ಎಳೆದು ಬೇರ್ಪಡಿಸಿದ ಭಾಗ ವಲಯ. ನಕ್ಷೆಯಲ್ಲಿ ಸಾಮಾನ್ಯವಾಗಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಸಾಗುವಳಿಗೆ ಹಸಿರು ಬಣ್ಣ ಬಳಿಯುತ್ತಾರೆ. ಆದರೂ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನು ನೋಡಿಯೇ ನಿರ್ಧರಿಸಬೇಕು. ಇಲ್ಲಿ ಒಂದು ಮಾತು ಮುಖ್ಯ. ಹೊಲಕ್ಕೆ ಹಳದಿ ಬಂದ ಮಾತ್ರಕ್ಕೆ ಹೊಲ ಹೋಯಿತೆಂದು ಅರ್ಥವಲ್ಲ, ಬೇಸಾಯ ಮಾಡಿಕೊಂಡಿರಬಹುದು. ಆದರೆ ರಸ್ತೆಗೋ ಉದ್ಯಾನಕ್ಕೋ ಮೀಸಲೆಂದು ಗುರುತು ಬಿದ್ದಿದ್ದರೆ ಅಲ್ಲಿ ಮನೆ ಕಟ್ಟಲು ಅನುಮತಿ ಸಿಗುವುದು ದುರ್ಲಭ. ಬಣ್ಣ ಬೇರೆ, ಮೀಸಲು ಬೇರೆ.

ಲೇಔಟು: ಹೊಲವನ್ನು ನಿವೇಶನಗಳಾಗಿ ಹಂಚುವುದು. ೩,೦೦೦ ಚದರ ಮೀಟರಿಗೆ ಮೇಲ್ಪಟ್ಟ ಲೇಔಟಿನಲ್ಲಿ ರಸ್ತೆಗಳನ್ನು ಕಳೆದು ಉಳಿದ ನೆಲದಲ್ಲಿ ನೂರಕ್ಕೆ ಹತ್ತು ಪಾಲನ್ನು ಸಾರ್ವಜನಿಕ ಬಯಲಿಗೆ ಬಿಡಬೇಕಾಗುತ್ತದೆ. ಹೊಲವನ್ನು ದಲ್ಲಾಳಿಗೆ ಕೊಡುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಲಿ. ಮಂಜೂರಾತಿಯಿಲ್ಲದ ನಿವೇಶನಗಳ ನೋಂದಣಿಗೆ ೨೦೧೬ರಿಂದ ತಡೆಯಿದೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಅಂಥ ನಿವೇಶನದಲ್ಲಿ ಹೂಳಬೇಡಿರಿ.

ಎಫ್.ಎಸ್.ಐ.: ನಿವೇಶನದ ಅಳತೆಯ ಎಷ್ಟರಷ್ಟು ಕಟ್ಟಬಹುದೆಂಬ ಪ್ರಮಾಣ. ಅದು ೨ ಇದ್ದರೆ, ೧,೨೦೦ ಚದರಡಿ ನಿವೇಶನದಲ್ಲಿ ಎಲ್ಲ ಅಂತಸ್ತುಗಳೂ ಸೇರಿ ೨,೪೦೦ ಚದರಡಿ.

ರೈಟ್ ಆಫ್ ವೇ: ರಸ್ತೆಗೆ ಸೇರಿದ ನೆಲದ ಒಟ್ಟು ಅಗಲ ಇದು. ಗಾಡಿ ಓಡುವ ಡಾಂಬರಿನ ಅಗಲ ಇದಲ್ಲ. ಗಾಡಿ ಸಾಗುವ ಒಂದೊಂದು ಸಾಲಿಗೆ ಮೂರೂವರೆ ಮೀಟರು; ನಾಲ್ಕು ಸಾಲಿಗೆ ೧೪ ಮೀಟರು ಸಾಕೆಂದು ನಮ್ಮವರು ಎಣಿಸುತ್ತಾರೆ. ಆದರೆ ದೊಡ್ಡ ರಾಷ್ಟ್ರೀಯ ಹೆದ್ದಾರಿಗೆ ಸಾಮಾನ್ಯವಾಗಿ ೬೦ ಮೀಟರು ಅಗಲ ಹಿಡಿಯುತ್ತಾರೆ. ಕಾಸರಗೋಡಿನ ನಮ್ಮ ಬಾಂಧವರ ನಡುವೆ ಹಾಯುವ ೬೬ನೆಯ ಹೆದ್ದಾರಿಗೆ, ನೆಲದ ಕೊರತೆಯಿಂದ, ೪೫ ಮೀಟರು ಗೊತ್ತುಮಾಡಿದರು. ನಿಮ್ಮ ಹೊಲದಲ್ಲಿ ೬೦ ಮೀಟರು ಅಗಲದ ದಾರಿ ೧೦೦ ಮೀಟರು ಉದ್ದ ಹಾಯ್ದರೆ ೬,೦೦೦ ಚದರ ಮೀಟರು, ಅಂದರೆ ಹತ್ತಿರ ಹತ್ತಿರ ಒಂದೂವರೆ ಎಕರೆ ಹೋಯಿತು. ಪಟ್ಟಾದ ಲೆಕ್ಕದಲ್ಲಿ ೬೦ ಏರು.

ಪ್ರವೇಶ ನಿಯಂತ್ರಿತ ರಸ್ತೆ: ಎಲ್ಲೆಂದರಲ್ಲಿ ಹತ್ತುವಂತಿಲ್ಲ, ಇಳಿಯುವಂತಿಲ್ಲ, ದಾಟುವಂತಿಲ್ಲ. ಮನೆ ಈಚೆ, ಬಾವಿ ಆಚೆ ಇದ್ದವನ ಪಾಡೇನು? ಅವನಿಗೆ ಬೇಕಾದವು ಕೆಳದಾರಿ ಮತ್ತು ಪಕ್ಕದ ಸೇವಾರಸ್ತೆ. ನೀರಿನದೂ ಅಷ್ಟೇ. ಎತ್ತರಿಸಿದ ರಸ್ತೆಯ ಏರಿ ಮಳೆಯ ನೀರನ್ನು ಅಡ್ಡಗಟ್ಟಿದರೆ ಒಂದು ಕಡೆ ಹೊಲ ಮುಳುಗುತ್ತದೆ, ಇನ್ನೊಂದು ಕಡೆ ಕೆರೆ ಒಣಗುತ್ತದೆ. ಸರಿಯಾದ ಜಾಗದಲ್ಲಿ ತಕ್ಕಷ್ಟು ದೊಡ್ಡ ಮೋರಿ ಇರಲೇಬೇಕು.

ಈಗ ಅವಧಿಯ ಮಾತು. ೧೯೫೬ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ ಭೂಸ್ವಾಧೀನದ ಮೊದಲ ಅಧಿಸೂಚನೆ ಪ್ರಕಟವಾದ ದಿನದಿಂದ ತಕರಾರಿಗೆ ಇರುವುದು ೨೧ ದಿನ ಮಾತ್ರ. ಅದನ್ನು ಬರವಣಿಗೆಯಲ್ಲಿ, ಕಾರಣಗಳೊಡನೆ ಕೊಡಬೇಕು. ಕೊಟ್ಟವರ ಅಹವಾಲನ್ನು ಅಧಿಕಾರಿ ಕೇಳತಕ್ಕದ್ದು. ಮುಂದಿನ ಘೋಷಣೆ ಹೊರಟ ಕೂಡಲೇ ನೆಲ ಸರ್ಕಾರದ್ದಾಗುತ್ತದೆ. ಆ ಮೇಲೆ ಉಳಿಯುವುದು ಪರಿಹಾರದ ಮಾತು. ಪರಿಹಾರ ಕಡಮೆಯೆನಿಸಿದರೆ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಲು ಆ ಕಾಯಿದೆಯಲ್ಲೇ ದಾರಿಯಿದೆ.

ತಕರಾರು ಕೊಟ್ಟರೆ ರಸ್ತೆ ನಿಲ್ಲುವುದೇ ಎಂದು ಕೇಳುವವರುಂಟು. ಬಹುಮಟ್ಟಿಗೆ ನಿಲ್ಲದು. ಆದರೆ ಇಲ್ಲಿ ಗಾಡಿದಾರಿಯಿದೆ, ಕೆಳದಾರಿ ಬೇಕು. ಇಲ್ಲಿ ಹಳ್ಳವಿದೆ, ಮೋರಿ ಬೇಕು. ಇಲ್ಲಿ ಬಾವಿಯೂ ತೆಂಗೂ ಇವೆ, ಲೆಕ್ಕಕ್ಕೆ ಹಿಡಿಯಿರಿ ಎಂದು ಕಾಲಕ್ಕೆ ಸರಿಯಾಗಿ ಬರೆದುಕೊಟ್ಟ ಕಾಗದಕ್ಕೆ ಬೆಲೆಯಿದೆ. ರಸ್ತೆ ಮುಗಿದ ಮೇಲೆ ಅದನ್ನೇ ಕೇಳಿದರೆ ಕೇಳುವವರಿಲ್ಲ.

ರೈತ ಬಾಂಧವರು ಈ ವಾರವೇ ಮಾಡಬಹುದಾದದ್ದು ಇಷ್ಟು. ಪಟ್ಟಾ ತೆಗೆದು ನಿಮ್ಮ ಸರ್ವೆ ನಂಬರನ್ನೂ ಉಪವಿಭಾಗದ ನಂಬರನ್ನೂ ಒಂದು ಚೀಟಿಯಲ್ಲಿ ಬರೆದಿಡಿರಿ. ತಂದೆಯ ಹೆಸರಿನಲ್ಲೇ ಪಟ್ಟಾ ನಿಂತಿದ್ದರೆ ಬದಲಾಯಿಸಿಕೊಳ್ಳಿರಿ. ಪರಿಹಾರದ ಹೊತ್ತಿಗೆ ಅಣ್ಣತಮ್ಮಂದಿರ ಜಗಳ ತಪ್ಪುವುದು. ಬಾವಿ, ಮರ, ಕೊಳವೆಬಾವಿಗಳ ಪಟ್ಟಿ ಮಾಡಿರಿ. ಊರಿನವರು ಸರದಿಯಂತೆ ಪತ್ರಿಕೆಯ ಪ್ರಕಟಣೆಗಳನ್ನು ನೋಡುವ ಏರ್ಪಾಡು ಮಾಡಿಕೊಳ್ಳಿರಿ. ಕಲ್ಲು ನೆಡಲು ಬಂದವರನ್ನು ಯಾವ ಇಲಾಖೆ, ಯಾವ ಆದೇಶ ಎಂದು ವಿನಯದಿಂದ ಕೇಳಿರಿ.

ತಮಿಳು ಬಾರದೆಂದು ಕೈಚೆಲ್ಲಬೇಕಾಗಿಲ್ಲ. ನಮ್ಮ ಕನ್ನಡ ಶಾಲೆಯ ಮಕ್ಕಳು ಈಗ ತಮಿಳನ್ನೂ ಕಲಿಯುತ್ತಾರೆ. ಸಂಜೆ ಜಗಲಿಯ ಮೇಲೆ ಮಗುವನ್ನು ಕೂರಿಸಿಕೊಂಡು ಪ್ರಕಟಣೆಯನ್ನು ಓದಿಸಿರಿ. ನಿಮ್ಮ ಚೀಟಿಯಲ್ಲಿರುವ ನಂಬರು ಅದರಲ್ಲಿ ಇದೆಯೇ ಎಂದು ನೋಡಿರಿ. ಇದ್ದರೆ ಆ ದಿನದಿಂದಲೇ ಬೆರಳು ಮಡಿಚಿ ದಿನ ಎಣಿಸಲು ತೊಡಗಿರಿ.