ಅಕ್ಷರಕ್ಕೆ ಮುನ್ನ

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಗೃಹಸ್ಥರೊಬ್ಬರು ಒಂದು ಸಂಜೆ ನನ್ನಲ್ಲಿಗೆ ಬಂದು ತಮ್ಮ ಮಗಳ ಓದಿನ ಮಾತು ತೆಗೆದರು. ಆಕೆಗೆ ಆಗತಾನೆ ಆರು ವರ್ಷ ತುಂಬಿತ್ತು. “ಮೇಷ್ಟ್ರೇ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳೂ ಅವಳಿಗೆ ಬರುತ್ತವೆ. ನೂರರವರೆಗೆ ತಡೆಯಿಲ್ಲದೆ ಎಣಿಸುತ್ತಾಳೆ. ಕನ್ನಡ ಮಾತ್ರ ತಲೆಗೆ ಹತ್ತುತ್ತಿಲ್ಲ. ಹೇಗೂ ಮನೆಯಲ್ಲಿ ಆಡುವ ಭಾಷೆ. ಓದಲು ಬಾರದಿದ್ದರೆ ಏನಂತೆ? ಅದನ್ನು ಬಿಡಿಸಿಬಿಡೋಣವೆಂದು ಯೋಚಿಸುತ್ತಿದ್ದೇನೆ” ಎಂದರು. ಮಗು ಬಾಗಿಲ ಮರೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು.

ಅವರಿಗೆ ನಾನು ಆ ಸಂಜೆ ಸರಿಯಾದ ಉತ್ತರ ಹೇಳಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಂದು ತಮ್ಮ ಮುಂದೆ ಹೇಳಲು ಯತ್ನಿಸುತ್ತೇನೆ.

ಮೂರು ವರ್ಷದ ಮಗು ಶಿಶುವಿಹಾರದ ಹೊಸ್ತಿಲನ್ನು ತುಳಿಯುವಾಗ ಬರಿಗೈಯಲ್ಲಿ ಬರುವುದಿಲ್ಲ. ವಿಭಕ್ತಿ, ಕಾಲ, ಲಿಂಗ, ವಚನ ಎಂದು ನಾವು ವ್ಯಾಕರಣದಲ್ಲಿ ಬೆವರಿಳಿಸಿ ಕಲಿಯುವುದರ ಬಹುಭಾಗವನ್ನು ಅದು ಯಾರೂ ಕಲಿಸದೆಯೇ ನಾಲಿಗೆಯ ಮೇಲಿಟ್ಟುಕೊಂಡು ಬರುತ್ತದೆ. ಅಲ್ಲಿಂದ ಎಂಟನೆಯ ವಯಸ್ಸಿನವರೆಗೆ ಅದು ಕಲಿಯುವುದು ಬಹುಮಟ್ಟಿಗೆ ಒಂದೇ ವಿದ್ಯೆ: ತನ್ನೊಳಗೆ ಆಗಲೇ ಇರುವುದನ್ನು ಹೊರಗಿಟ್ಟು, ಬಿಡಿಸಿ, ನೋಡುವ ವಿದ್ಯೆ. ಮಾತನ್ನು ಆಡಬಲ್ಲ ಮಗು ಮಾತಿನ ತುಂಡುಗಳನ್ನು ಕೇಳಿಸಿಕೊಳ್ಳಲು ಕಲಿಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟರವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತವೆಂದು ಎಣಿಸಿದ್ದು ಈ ದೃಷ್ಟಿಯಿಂದ ಯುಕ್ತವಾಗಿದೆ. ನಡುವೆ ಒಂದು ಗೋಡೆ ಕಟ್ಟಿ, ಈಚೆ ಆಟ, ಆಚೆ ಪಾಠ ಎನ್ನಲು ಬರುವುದಿಲ್ಲ.

ನಾಲ್ಕು ವರ್ಷದ ಮಗುವನ್ನು ಕೂರಿಸಿಕೊಂಡು ‘ಕಮಲ’ ಎಂಬ ಮಾತಿಗೆ ಚಪ್ಪಾಳೆ ತಟ್ಟೆನ್ನಿ. ಕ, ಮ, ಲ ಎಂದು ಮೂರು ಚಪ್ಪಾಳೆ ಬೀಳುತ್ತವೆ. ಇದು ಅದಕ್ಕೆ ಲೀಲಾಜಾಲ. ಆದರೆ ‘ಕ’ದಲ್ಲಿ ಎಷ್ಟು ಧ್ವನಿಗಳಿವೆಯೆಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತದೆ. ಅಲ್ಲಿ ಕಕಾರವೂ ಅಕಾರವೂ ಬೆಸೆದುಕೊಂಡಿವೆ ಎಂಬುದು ಕಿವಿಗೆ ತಾನಾಗಿ ತೋರುವ ಸಂಗತಿಯಲ್ಲ. ಕನ್ನಡದ ಲಿಪಿ ಈ ಚಪ್ಪಾಳೆಯ ಅಳತೆಗೆ ಹೊಂದಿ ನಿಂತಿದೆ. ಮಗುವಿಗೆ ಸುಲಭವಾಗಿ ಕೇಳಿಸುವ ತುಂಡಿಗೇ ನಮ್ಮಲ್ಲಿ ಅಕ್ಷರವೆಂದು ಹೆಸರು. ಹಳಗನ್ನಡದ ಕವಿಗಳು ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟದ್ದನ್ನು ಬಲ್ಲ ತಮಗೆ ಈ ತುಂಡಿನ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ. ರಾಜರತ್ನಂ ಅವರ ‘ತುತ್ತೂರಿ’, ‘ಕಡಲೆಪುರಿ’ಗಳ ಪದ್ಯಗಳನ್ನು ಕುಣಿಕುಣಿದು ಹಾಡುವ ಮಗು ಸಮಯವನ್ನು ವ್ಯರ್ಥ ಮಾಡುತ್ತಿದೆ ಎಂದು ಭಾವಿಸಬಾರದು. ಪ್ರಾಸವನ್ನು ಹಿಡಿಯುವ ಕಿವಿಯೇ ಮುಂದೆ ಓದುವ ಕಣ್ಣಿಗೆ ದಾರಿ ತೋರಿಸುತ್ತದೆ.

ಹೀಗೆ ಆರಂಭ ಸುಲಭ. ಆದರೆ ದಾರಿ ದೀರ್ಘ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. ಅವುಗಳಲ್ಲಿ 34 ವ್ಯಂಜನಗಳು. ಗುಡಿಸು, ಕೊಂಬು, ಏತ್ವ, ಓತ್ವಗಳು ಸೇರಿ ಒಂದೊಂದು ವ್ಯಂಜನವೂ ಒಂದು ಡಜನ್ನಿಗೆ ಮಿಗಿಲಾದ ರೂಪಗಳನ್ನು ತಾಳುತ್ತದೆ. ಕಾಗುಣಿತ ಮುಗಿಯುವಷ್ಟರಲ್ಲಿ 400ಕ್ಕೂ ಹೆಚ್ಚು ಆಕಾರಗಳು ಮಗುವಿನ ಕಣ್ಣ ಮುಂದೆ ಸಾಲುಗಟ್ಟಿರುತ್ತವೆ. ಆಮೇಲೆ ಒತ್ತಕ್ಷರಗಳು. ‘ರ’ ಎಂಬ ಒಂದು ಅಕ್ಷರದ ಚೇಷ್ಟೆಯನ್ನೇ ನೋಡಿ. ‘ರಸ’ದಲ್ಲಿ ನೆಟ್ಟಗೆ ನಿಂತಿರುತ್ತದೆ; ‘ಪ್ರಾಸ’ದಲ್ಲಿ ಕೆಳಗಿಳಿದು ಒತ್ತಾಗುತ್ತದೆ; ‘ಸೂರ್ಯ’ದಲ್ಲಿ ಉಚ್ಚಾರಣೆಯಲ್ಲಿ ಯಕಾರಕ್ಕಿಂತ ಮುಂಚೆ ಬಂದರೂ ಬರವಣಿಗೆಯಲ್ಲಿ ಅದರ ಹಿಂದೆ ಅರ್ಕಾವತ್ತಾಗಿ ಅವಿತುಕೊಳ್ಳುತ್ತದೆ. ಬಸ್ಸಿನ ಹಣೆಯ ಮೇಲಿನ ಕನ್ನಡ ಅಂಕಿಗಳನ್ನು ಉತ್ಸಾಹದಿಂದ ಕಲಿತಿದ್ದ ಹುಡುಗನೊಬ್ಬ ನನ್ನೆದುರಿಗೆ ಅದನ್ನು “ಸೂಯ ಒಂಬತ್ತು” ಎಂದು ಓದಿದ. ನಾವೆಲ್ಲ ನಕ್ಕೆವು. ನಗಬಾರದಿತ್ತು, ಅವನು ಕಂಡದ್ದನ್ನು ಕಂಡಂತೆ ಓದಿದ್ದ.

ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧವೂ ಇದನ್ನೇ ಸಮರ್ಥಿಸುತ್ತದೆ. ಕನ್ನಡದ ಅಕ್ಷರಗಳ ಕಲಿಕೆ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯದೆ ಮುಂದೆಯೂ ಸಾಗುತ್ತದೆ; ಅಕ್ಷರದೊಳಗಿನ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆ. ಆದುದರಿಂದ ಇಂಗ್ಲಿಷಿನ ಇಪ್ಪತ್ತಾರು ಆಕಾರಗಳನ್ನು ಗುರುತಿಸಿದ ಮಗುವನ್ನೂ ಕಾಗುಣಿತದ ನಡುವೆ ನಿಂತ ಮಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆ ಇಪ್ಪತ್ತಾರನ್ನು ಬಲ್ಲ ಮಗುವಿಗೆ ಇಂಗ್ಲಿಷ್ ಓದಲು ಬಂದಂತಾಗಲಿಲ್ಲ; ಅದರ ಕಾಗುಣಿತದ ಕಾಡು ಇನ್ನು ಮುಂದಿದೆ. ಕನ್ನಡದ ಶ್ರಮ ಮೊದಲೇ ಕಣ್ಣಿಗೆ ಬೀಳುತ್ತದೆ, ಇಂಗ್ಲಿಷಿನದು ಆಮೇಲೆ.

ನಮ್ಮ ವರ್ಣಮಾಲೆಯ ಕ್ರಮ ಶಾಸ್ತ್ರಜ್ಞರ ಪ್ರತಿಭೆಗೆ ಸಾಕ್ಷಿ. ಕಂಠದಿಂದ ತುಟಿಯವರೆಗೆ ವರ್ಗಗಳನ್ನು ಅವರು ಜೋಡಿಸಿದ ಬಗೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೆ ಪಂಡಿತನಿಗೆ ಒಪ್ಪುವ ಕ್ರಮ ಮಗುವಿಗೆ ಮೊದಲ ಮೆಟ್ಟಿಲಾಗಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಮೊದಲಾಗಿ, 2009ರ ಸುಮಾರಿಗೆ ನಾಡಿನ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ಗರಗಸ ಎಂಬ ಮಾತುಗಳು ಹುಟ್ಟುತ್ತವೆ. ಮೊದಲ ಕೆಲವು ವಾರಗಳಲ್ಲೇ ಮಗು ಒಂದು ಪದವನ್ನು ತಾನೇ ಓದಿ ಅದರ ಅರ್ಥವನ್ನು ಮುಟ್ಟುತ್ತದೆ. ಆ ಪದ್ಧತಿ ಎಲ್ಲ ಶಾಲೆಗಳಲ್ಲೂ ಸಮನಾಗಿ ನಡೆಯಿತೆಂದು ಹೇಳಲಾರೆ. ಆದರೆ ಈ ಒಂದು ವಿಷಯದಲ್ಲಿ ಅದು ಮಗುವಿನ ಪಕ್ಷ ವಹಿಸಿತು.

ಇನ್ನು ಎಣಿಕೆ. ನೂರರವರೆಗೆ ಹೇಳುವುದು ಒಂದು ಹಾಡು. ರಾಶಿಯಿಂದ ಏಳು ಹುಣಿಸೆ ಬೀಜಗಳನ್ನು ಎತ್ತಿ ಕೊಡುವುದು ಬೇರೆಯೇ ವಿದ್ಯೆ. ಕೊನೆಯಲ್ಲಿ ನುಡಿದ ‘ಏಳು’ ಆ ಕೊನೆಯ ಬೀಜದ ಹೆಸರಲ್ಲ, ಇಡೀ ಗುಂಪಿನ ಲೆಕ್ಕ ಎಂಬುದು ಹೊಳೆಯಲು ಕಾಲ ಬೇಕು. ಇಲ್ಲಿ ಕನ್ನಡ ನಮಗೆ ಒಂದು ಉಪಕಾರ ಮಾಡಿದೆ. ‘ಹದಿಮೂರು’ ಎಂಬಲ್ಲಿ ಹತ್ತು ಮುಂದೆ, ಮೂರು ಹಿಂದೆ. ಅಂಕಿಯಲ್ಲಿ ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ‘ಥರ್ಟೀನ್’ ಅದನ್ನು ತಿರುಗುಮುರುಗಾಗಿಸುತ್ತದೆ. ನನ್ನ ಮೊಮ್ಮಗ ಇಪ್ಪತ್ತೊಂಬತ್ತಾದ ಮೇಲೆ ‘ಇಪ್ಪತ್ತಹತ್ತು’ ಎಂದಾಗ ನಾನು ತಿದ್ದಲು ಅವಸರಿಸಲಿಲ್ಲ. ಎಣಿಕೆಯ ನಿಯಮವನ್ನು ಅವನು ಹಿಡಿದಿದ್ದನೆಂಬುದಕ್ಕೆ ಅದಕ್ಕಿಂತ ಪುರಾವೆ ಬೇಕೆ?

ಆ ಸಂಜೆ ನೆರೆಯ ಹುಡುಗಿಯನ್ನು ಕರೆದು ನಾನೊಂದು ಪರೀಕ್ಷೆ ಮಾಡಿದೆ. ಜಿನೀವಾದ ಜೀನ್ ಪಿಯಾಜೆ ಎಂಬ ವಿದ್ವಾಂಸರಿಂದ ಪ್ರಸಿದ್ಧವಾದದ್ದು ಅದು. ಏಳೇಳು ಬೀಜಗಳ ಎರಡು ಸಾಲುಗಳನ್ನು ಸಮನಾಗಿಟ್ಟು ಕೇಳಿದೆ. ಎರಡೂ ಒಂದೇ ಎಂದಳು. ಒಂದು ಸಾಲನ್ನು ಅವಳೆದುರಿಗೇ ಅಗಲಿಸಿ ಮತ್ತೆ ಕೇಳಿದೆ. ಹುಡುಗಿ ಬೀಜಗಳನ್ನು ನೋಡಲಿಲ್ಲ, ತಂದೆಯ ಮುಖ ನೋಡಿದಳು. ಬಳಿಕ ಉದ್ದದ ಸಾಲಿನಲ್ಲಿ ಹೆಚ್ಚಿವೆ ಎಂದಳು. ಪಿಯಾಜೆಯವರ ಪ್ರಕಾರ ಈ ವಯಸ್ಸಿನ ಆಸುಪಾಸಿನವರೆಗೆ ಮಗು ಉದ್ದಕ್ಕೆ ಮೋಸಹೋಗಿ ಸಂಖ್ಯೆಯನ್ನು ಬಿಟ್ಟುಕೊಡುತ್ತದೆ. ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಅವರು 1978ರ ತಮ್ಮ ಗ್ರಂಥದಲ್ಲಿ ಇದಕ್ಕೆ ಬೇರೊಂದು ಮುಖ ತೋರಿಸಿದರು. ಅಲ್ಲಿ ನಡೆದ ಪ್ರಯೋಗದಲ್ಲಿ ದೊಡ್ಡವರ ಬದಲು ತುಂಟ ಗೊಂಬೆ ಕರಡಿಯೊಂದು ಬಂದು ಸಾಲನ್ನು ಕೆಡಿಸಿತು; ಆಗ ಸರಿಯಾಗಿ ಉತ್ತರಿಸಿದ ಮಕ್ಕಳು ಬಹಳ ಹೆಚ್ಚು. ದೊಡ್ಡವರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮಗು ಏನೆಂದು ತಿಳಿಯಬೇಕು? ಮೊದಲ ಉತ್ತರ ತಪ್ಪಿರಬೇಕು ಎಂದೇ ತಾನೆ? ಹುಡುಗಿ ತಂದೆಯ ಮುಖ ನೋಡಿದ್ದು ನನಗೆ ಆಮೇಲೆ ಅರ್ಥವಾಯಿತು. ಅವಳು ಉತ್ತರಿಸುತ್ತಿದ್ದುದು ಬೀಜಗಳ ಪ್ರಶ್ನೆಗಲ್ಲ.

ನಮ್ಮ ಅಜ್ಜಿಯರು ಇಂಥ ಪರೀಕ್ಷೆಗಳಿಲ್ಲದೆ ಅಳಗುಳಿಮಣೆಯನ್ನು ಮುಂದಿಡುತ್ತಿದ್ದರು. ಎರಡು ಸಾಲು, ಸಾಲಿಗೆ ಏಳು ಗುಳಿ. ಕೈಯಲ್ಲಿನ ಕಾಯಿಗಳನ್ನು ಗುಳಿಗೆ ಒಂದರಂತೆ ಬಿಡುತ್ತ ಹೋಗಬೇಕು. ಒಂದಕ್ಕೆ ಒಂದು ಎಂಬ ಗಣಿತದ ಮೂಲಸೂತ್ರ ಅಲ್ಲಿ ಬೆರಳಿಗೆ ಹತ್ತುತ್ತದೆ. ತಪ್ಪಿದರೆ ಆಟ ಹೋಗುತ್ತದೆ, ಮಾನ ಹೋಗುವುದಿಲ್ಲ.

ಬರವಣಿಗೆಯ ಬಗ್ಗೆ ಒಂದೇ ಮಾತು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಇನ್ನೂ ಮೃದ್ವಸ್ಥಿ. ಗಟ್ಟಿಯಾಗುವ ಕೆಲಸ ವರ್ಷ ವರ್ಷವೂ ನಡೆದು, ನಾಲ್ಕನೆಯ ವಯಸ್ಸಿನಲ್ಲಿ ಅರ್ಧದಷ್ಟೂ ಮುಗಿದಿರುವುದಿಲ್ಲ. ಅಂಥ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು, ಗೆರೆ ಮೀರಿತೆಂದು ಕೆಂಪು ಶಾಯಿ ಹಚ್ಚುತ್ತೇವೆ. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಮಾರಿಯಾ ಮಾಂಟೆಸ್ಸೊರಿ ಉಪ್ಪುಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದರು. ವಿಜಯದಶಮಿಯ ದಿನ ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ನಾವು ಅದನ್ನು ಒಂದು ದಿನದ ಶಾಸ್ತ್ರಕ್ಕೆ ಸೀಮಿತಗೊಳಿಸಿ ಮರುದಿನವೇ ಪೆನ್ಸಿಲು ಕೊಡುತ್ತೇವೆ.

ನೆರೆಯವರು ಕನ್ನಡವನ್ನು ಬಿಡಿಸಲಿಲ್ಲ. ನನ್ನ ಮಾತಿನಿಂದಲ್ಲ, ಮನೆಯ ಅಜ್ಜಿ ಒಪ್ಪಲಿಲ್ಲವೆಂದು ತಿಳಿಯಿತು. ಎರಡು ವರ್ಷಗಳ ಬಳಿಕ ಒಂದು ಮಧ್ಯಾಹ್ನ ನಾನು ಅವರ ಜಗಲಿಯಲ್ಲಿ ಕುಳಿತಿದ್ದಾಗ, ಕಣ್ಣು ಮಂಜಾಗಿದ್ದ ಆ ಅಜ್ಜಿ ಮದುವೆಯ ಕರೆಯೋಲೆಯೊಂದನ್ನು ಹುಡುಗಿಯ ಕೈಗಿತ್ತರು. ಆಕೆ ಬೆರಳಿಟ್ಟು ಓದುತ್ತ ಬಂದು ‘ಆಶೀ’ ಎಂಬಲ್ಲಿ ನಿಂತಳು. ಮುಂದಿನ ಅಕ್ಷರವನ್ನೂ ಅದರ ಹಿಂದಿನ ಕೊಕ್ಕೆಯನ್ನೂ ನೋಡಿದಳು. ಈ ಬಾರಿ ಯಾರ ಮುಖವನ್ನೂ ನೋಡಲಿಲ್ಲ. “ಆಶೀ... ರ್... ಆಶೀರ್ವಾದ” ಎಂದಳು.

“ಸರಿ ಕಣೇ ಪುಟ್ಟಿ, ಮುಹೂರ್ತ ಎಂದಿದೆ ಅಂತ ನೋಡು” ಎಂದರು ಅಜ್ಜಿ.