ಬಲಬದಿಯ ಸೀಟು

ಸಂಜೆ ಐದರ ಹೊತ್ತಿಗೆ ಮಂಗಳೂರಿನ ವಾಮಂಜೂರು ಜಂಕ್ಷನ್ನಿನಲ್ಲಿ ನಿಂತರೆ ವಿಮಾನದ ಸದ್ದು ಕಿವಿಗೆ ಬೀಳುವುದೇ ಕಷ್ಟ. ಮೂಡುಬಿದಿರೆ ಕಡೆಯ ಬಸ್ಸುಗಳ ಹಾರ್ನು, ಕಂಡಕ್ಟರನ ಸೀಟಿ, ಸೇಂಟ್ ಜೋಸೆಫ್ ಇಂಜಿನಿಯರಿಂಗ್ ಕಾಲೇಜು ಬಿಟ್ಟು ಹೊರಬಿದ್ದ ಹುಡುಗರ ಬೈಕುಗಳು. ಪಿಲಿಕುಳದ ಕಡೆಗೆ ತಿರುಗಿ ಒಂದಿಷ್ಟು ದೂರ ಹೋದ ಮೇಲೆ ಗದ್ದಲ ಹಿಂದೆ ಬೀಳುತ್ತದೆ. ಕೆಂಪುಕಲ್ಲಿನ ಕಂಪೌಂಡು, ಗೇರುಮರ, ತಗ್ಗಿನಲ್ಲಿ ತೆಂಗಿನ ಸಾಲು, ಅದರಾಚೆ ಗುರುಪುರ ನದಿ. ನದಿ ದಾಟಿ ಉತ್ತರಕ್ಕೆ ಕಣ್ಣು ಹಾಯಿಸಿದರೆ ಕೆಂಜಾರು, ಬಜ್ಪೆಯ ಗುಡ್ಡಗಳು. ಅಲ್ಲಿನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ವಾಮಂಜೂರಿನವರ ನೆತ್ತಿಯ ಮೇಲೆ ಹಾಯುವುದು ಕಡಿಮೆ, ಹೆಚ್ಚಾಗಿ ಪಕ್ಕದಿಂದ ಕಾಣುತ್ತವೆ. ಚಕ್ರ ಬಿಟ್ಟು, ಮೂಗು ತುಸು ಎತ್ತಿ, ಆಮೇಲೆ ಗುಡ್ಡದ ಮರೆಗೆ.

ಹದಿನೆಂಟರ ಹುಡುಗ ಅದನ್ನು ನೋಡಿ ಪೈಲಟ್ ಆಗುತ್ತೇನೆಂದರೆ ಮನೆಯವರು ಖರ್ಚಿನ ಮಾತೆತ್ತುತ್ತಾರೆ. ನಲವತ್ತೆರಡರವನು, ಕೊಲ್ಲಿಯಲ್ಲಿ ಹದಿನೈದು ವರ್ಷ ದುಡಿದು ಮನೆ ಕಟ್ಟಿಸಿದವನು, ಅದನ್ನೇ ಹೇಳಿದರೆ ಬರುವ ಮಾತು ಬೇರೆ: "ಈ ಪ್ರಾಯದಲ್ಲಿ ಎಂತದು ಮಾರಾಯ?"

ಪ್ರಾಯಕ್ಕೆ ಕಾನೂನಿನ ತಕರಾರು ಅಷ್ಟೇನಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 18 ವರ್ಷ ಆಗಿರಬೇಕು. ವಿಮಾನ ಸಂಸ್ಥೆಯ ಕಾಕ್‌ಪಿಟ್ಟಿನಿಂದ ಏಳಬೇಕಾದದ್ದು 65ಕ್ಕೆ. ನಡುವೆ ದಾರಿ ತೆರೆದೇ ಇದೆ. ಆದರೆ ಆ ದಾರಿಯ ಬಾಗಿಲಲ್ಲಿ ಪಿಯುಸಿಯ ಫಿಸಿಕ್ಸ್, ಮ್ಯಾಥ್ಸ್ ನಿಂತಿವೆ. ಕಾಮರ್ಸ್ ಓದಿದವರು ಮುಕ್ತ ಶಾಲೆಯ ಮೂಲಕ ಆ ಎರಡನ್ನೂ ಬರೆದು ಬರಬೇಕು. ಆಮೇಲೆ ದಿಕ್ಕು ಹಿಡಿಯುವ ವಿದ್ಯೆ, ಹವಾಮಾನ, ವಾಯುಯಾನದ ನಿಯಮಗಳು, ಇಂಜಿನ್ನಿನ ಒಳಹೊರಗು, ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ. ಹವಾಮಾನದ ಪೇಪರಿನಲ್ಲಿ ಕರಾವಳಿಯವನಿಗೆ ತುಸು ಅನುಕೂಲ ಇರಬಹುದು. ಜೂನ್ ತಿಂಗಳಲ್ಲಿ ಮೋಡ ಗುಡ್ಡಕ್ಕೆ ಒರಗಿ ನಿಲ್ಲುವುದನ್ನು ಅವನು ಪುಸ್ತಕದಿಂದ ಕಲಿಯಬೇಕಿಲ್ಲ.

ಹಣ ಕಟ್ಟುವ ಮೊದಲೇ ಆಗಬೇಕಾದ ಕೆಲಸ ವೈದ್ಯಕೀಯ ಪರೀಕ್ಷೆ. ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೇ ಇದೆ. ಕಣ್ಣು, ಕಿವಿ, ಬಣ್ಣ ಗುರುತಿಸುವುದು, ಇಸಿಜಿ, ಸಕ್ಕರೆ. ಇಪ್ಪತ್ತರ ಹುಡುಗ ಇಲ್ಲಿ ನಗುತ್ತಾ ದಾಟುತ್ತಾನೆ, ನಲವತ್ತರವನು ಹಿಂದಿನ ರಾತ್ರಿ ನಿದ್ದೆ ಬಿಡುತ್ತಾನೆ. ಅನಂತರ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತು. ಜಕ್ಕೂರಿನ ಸರ್ಕಾರಿ ಹಾರಾಟ ಶಾಲೆ ಮೈಸೂರು ಅರಸರ ಕಾಲದ್ದು; ಮೈಸೂರಿನ ಮಂಡಕಳ್ಳಿಯಲ್ಲೂ ಕಲಬುರಗಿಯಲ್ಲೂ ಖಾಸಗಿಯವರು ಹಾರಾಟ ಕಲಿಸುತ್ತಾರೆ. ಖರ್ಚು ಅರ್ಧ ಕೋಟಿಯ ಆಚೀಚೆ. ಇಷ್ಟೂ ಆದ ಮೇಲೆ ಸಿಗುವುದು ಬಲಬದಿಯ ಸೀಟು, ಸಹಪೈಲಟ್‌ನದ್ದು.

ನನಗೆ ಇಡೀ ಕತೆಯ ತಿರುಳು ಆ ಸೀಟಿನಲ್ಲಿದೆ ಅನ್ನಿಸುತ್ತದೆ. ಎಡಬದಿಯಲ್ಲಿ ಕೂತ ಕ್ಯಾಪ್ಟನ್ ಇವನಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವನಿರಬಹುದು. ನಿನ್ನೆಯವರೆಗೆ ಐವತ್ತು ಜನರಿಗೆ ಕೆಲಸ ಹೇಳಿದವನು ಇಂದು ಚೆಕ್‌ಲಿಸ್ಟ್ ಓದಿ ಹೇಳಬೇಕು, "ಸರ್" ಅನ್ನಬೇಕು. ಹಾಗೆ ತಡವಾಗಿ ಬಂದವರೂ ಇದ್ದಾರೆ. ರಾಜೀವ್ ಪ್ರತಾಪ್ ರೂಡಿ ನಾಗರಿಕ ವಿಮಾನಯಾನ ಖಾತೆಯ ಸಚಿವರಾಗಿದ್ದವರು. ನಲವತ್ತು ದಾಟಿದ ಮೇಲೆ ಲೈಸೆನ್ಸ್ ಪಡೆದು ಇಂಡಿಗೋ ವಿಮಾನ ಹಾರಿಸಿದರು. 2021ರಲ್ಲಿ ದಿಲ್ಲಿಯಿಂದ ಚೆನ್ನೈಗೆ ಹೊರಟಿದ್ದ ಸಂಸದ ದಯಾನಿಧಿ ಮಾರನ್‌ಗೆ, ಮಾಸ್ಕ್ ತೊಟ್ಟು ಮಾತಾಡಿಸಿದ ಪೈಲಟ್ ತಮ್ಮ ಸಹೋದ್ಯೋಗಿ ರೂಡಿಯೇ ಎಂಬುದು ತಕ್ಷಣ ಹೊಳೆಯಲಿಲ್ಲವಂತೆ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು, ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಐವತ್ತರ ಆಚೆ ಇದ್ದರು. ಆದರೆ ಅವರ ಹೆಸರಿನ ಹಿಂದಿನ ಕ್ಯಾಪ್ಟನ್ ಸೈನ್ಯದ್ದು. ಅವರು ಕಂಪನಿ ಕಟ್ಟಿದವರು, ಯಾರದೋ ಬಲಕ್ಕೆ ಕೂತು ಕಲಿಯುವ ಪಾಡು ಅವರದಲ್ಲ.

ಬಜ್ಪೆಯ ವಿಷಯದಲ್ಲಿ ಆ ಸೀಟಿನ ಭಾರ ಇನ್ನೂ ಹೆಚ್ಚು. 1951ರ ಡಿಸೆಂಬರಿನಲ್ಲಿ ನೆಹರೂ ಡಕೋಟಾದಲ್ಲಿ ಬಂದಿಳಿದ ನಿಲ್ದಾಣ ಇದು. 2006ರಲ್ಲಿ ಬಂದ 2,450 ಮೀಟರಿನ ರನ್‌ವೇ ಗುಡ್ಡದ ತಲೆ ಸವರಿ ಮಾಡಿದ್ದು. ತುದಿ ದಾಟಿದರೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಆ ತುದಿ ದಾಟಿತು. 158 ಜನ ಹೋದರು, ಎಂಟು ಮಂದಿ ಉಳಿದರು. ಇಲ್ಲಿ ಇಳಿಸುವ ಕೆಲಸ ಕ್ಯಾಪ್ಟನ್‌ನದೇ ಎಂಬ ಕಟ್ಟಳೆ ಆ ವಿಮಾನದ ಸಂಸ್ಥೆಯಲ್ಲಿತ್ತು. ವಿಮಾನ ಎತ್ತರದಲ್ಲಿದೆ, ಇಳಿಸದೆ ಮತ್ತೆ ಮೇಲೇರೋಣ ಎಂದು ಬಲಬದಿಯ ಸಹಪೈಲಟ್ ಮೂರು ಸಲ ಹೇಳಿದ್ದು ಧ್ವನಿಮುದ್ರಿಕೆಯಲ್ಲಿ ದಾಖಲಾಗಿದೆ. ಕ್ಯಾಪ್ಟನ್ ಕೇಳಲಿಲ್ಲ.

ತಡವಾಗಿ ಬಂದವನಿಗೆ ಒಂದು ಬಂಡವಾಳ ಇದೆಯೆನ್ನುವುದಾದರೆ ಅದು ಇಲ್ಲಿ, ಎಂದು ನನ್ನ ಎಣಿಕೆ. ಬೇರೆ ಕಸುಬಿನಲ್ಲಿ ಇಪ್ಪತ್ತು ವರ್ಷ ಮೇಲಿನವರಿಗೆ "ಇದು ಸರಿಯಿಲ್ಲ" ಎಂದು ಮುಖ ನೋಡಿ ಹೇಳಿದ ಅಭ್ಯಾಸ. ಆದರೆ ಅದೇ ಇಪ್ಪತ್ತು ವರ್ಷ, ಚಿಕ್ಕವನ ಮಾತಿಗೆ ಕಿವಿಗೊಡದ ಅಭ್ಯಾಸವನ್ನೂ ಕಲಿಸಿರುತ್ತದೆ. ಯಾವುದು ಕಾಕ್‌ಪಿಟ್ಟಿನೊಳಗೆ ಜೊತೆಗೆ ಬರುತ್ತದೆಂದು ಯಾವ ಪರೀಕ್ಷೆಯೂ ಮೊದಲೇ ತಿಳಿಸಲಾರದು.

ಎಡಬದಿಗೆ ದಾಟಬೇಕಾದರೆ ಮುಂದಿನ ಲೈಸೆನ್ಸು, ಅದಕ್ಕೆ 1,500 ಗಂಟೆ. ಸಂಸ್ಥೆಯ ಸರದಿ ಬೇರೆ. ನಲವತ್ತೆರಡಕ್ಕೆ ಹೊರಟವನು ಕ್ಯಾಪ್ಟನ್ ಆಗುವಾಗ ಐವತ್ತು ದಾಟಿದರೂ ಅಚ್ಚರಿಯಿಲ್ಲ. ಅಲ್ಲಿಯವರೆಗೆ, ಮಂಗಳೂರಿನ ಡ್ಯೂಟಿ ಬಿದ್ದು ಊರಿಗೆ ಬಂದ ದಿನ, ನದಿಯಾಚೆಯ ಪಿಲಿಕುಳದ ಮರಗಳನ್ನು ಅವನು ಮೊದಲ ಬಾರಿಗೆ ಕಾಕ್‌ಪಿಟ್ಟಿನಿಂದ ನೋಡಿರುತ್ತಾನೆ. ಮನೆಯಲ್ಲಿ ಅಮ್ಮ ಗಂಜಿಯ ಬಟ್ಟಲು ಮುಂದಿಟ್ಟು, ವಿಮಾನ ಇಳಿಸಿದ್ದು ನೀನಾ ಎಂದು ಕೇಳದೆ ಇರುವುದಿಲ್ಲ.

"ಅಲ್ಲಮ್ಮ, ಇಲ್ಲಿ ಇಳಿಸುವುದು ಕ್ಯಾಪ್ಟನ್. ನಾನು ಪಕ್ಕದಲ್ಲಿದ್ದೆ, ಸರಿ ಉಂಟಾ ಅಂತ ನೋಡ್ತಾ."