ನನಗೆ ತೋರುವ ಮಟ್ಟಿಗೆ

ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರು ತಮ್ಮತಮ್ಮಲ್ಲಿ ಮಾತನಾಡುವುದನ್ನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದವರಿಗೆ ಒಂದು ವಿಶೇಷ ಗೋಚರಿಸದೆ ಇರದು. ಬಟ್ಟಲಲ್ಲಿರುವ ಚಹದ ವಿಷಯವಾಗಲಿ, ದೇಶದ ಚುನಾವಣೆಯ ವಿಷಯವಾಗಲಿ, ಅಭಿಪ್ರಾಯವೊಂದನ್ನು ಹೇಳುವಾಗ ಅವರು ಅದರ ಮುಂದೆಯೋ ಹಿಂದೆಯೋ ‘ನಾನು’ ಎಂಬುದನ್ನು ತಂದು ನಿಲ್ಲಿಸುತ್ತಾರೆ. ಐ ಥಿಂಕ್, ಐ ಬಿಲೀವ್, ಐ ಸಪೋಸ್, ಐ ಗೆಸ್, ಐ ಡೇರ್ ಸೇ, ಐ ಆ್ಯಮ್ ಅಫ್ರೇಡ್ — ಹೀಗೆ ಈ ಪರಿವಾರ ದೊಡ್ಡದು. ಇದನ್ನು ಕೇಳಿದ ನಮ್ಮವರಲ್ಲಿ ಎರಡು ಬಗೆಯ ಭಾವನೆಗಳು ಹುಟ್ಟುವುದುಂಟು. ‘ಮಾತಿಗೆ ಮುಂಚೆ ನಾನು ನಾನು ಎನ್ನುವ ಇವರದು ಎಂಥ ಅಹಂಕಾರ!’ ಎಂದು ಕೆಲವರಿಗೆ ಅನ್ನಿಸುತ್ತದೆ. ‘ಯಾವುದನ್ನೂ ಖಚಿತವಾಗಿ ಹೇಳಲಾರದ ಇವರದು ಎಂಥ ಅಳುಕು!’ ಎಂದು ಮತ್ತೆ ಕೆಲವರಿಗೆ. ಎರಡು ಭಾವನೆಗಳೂ ಗುರಿ ತಪ್ಪಿದವು. ಈ ನುಡಿಗಟ್ಟುಗಳ ನಿಜವಾದ ಕೆಲಸವೇನೆಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಥಿಂಕ್ ಎಂದರೆ ಯೋಚಿಸು ಎಂದು ನಿಘಂಟು ಹೇಳುತ್ತದೆ. ಆದರೆ ಸಂಜೆ ಮಳೆ ಬರಬಹುದೆಂಬುದನ್ನು ‘ಐ ಥಿಂಕ್’ ಎಂದು ಸೇರಿಸಿ ಹೇಳುವವನು ಯೋಚನೆಯಲ್ಲಿ ಮುಳುಗಿ ಕುಳಿತವನಲ್ಲ. ಹಾಗೆ ಮುಳುಗಿರುವವನು ‘ಐ ಆ್ಯಮ್ ಥಿಂಕಿಂಗ್’ ಎನ್ನುತ್ತಾನೆ. ಕ್ರಿಯಾಪದದ ರೂಪವೇ ಬೇರೆಯಾಗಿಬಿಡುತ್ತದೆ. ಇನ್ನೊಂದು ಲಕ್ಷಣವನ್ನು ನೋಡಿ. ಈ ‘ಐ ಥಿಂಕ್’ ವಾಕ್ಯದ ಮೊದಲಲ್ಲಿ ಬರಬಹುದು, ನಡುವೆ ನುಸುಳಬಹುದು, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬಾಲದಂತೆ ಅಂಟಿಕೊಳ್ಳಬಹುದು. ಮುಖ್ಯ ವಾಕ್ಯಕ್ಕೆ ಇಷ್ಟು ಸ್ವಾತಂತ್ರ್ಯವಿರುವುದಿಲ್ಲ. ವ್ಯಾಕರಣದ ಲೆಕ್ಕದಲ್ಲಿ ಯಜಮಾನನಂತೆ ಕಂಡರೂ ವ್ಯವಹಾರದಲ್ಲಿ ಇದು ಪಕ್ಕವಾದ್ಯ. ಆಕ್ಸ್‌ಫರ್ಡಿನ ತತ್ತ್ವಜ್ಞ ಜೆ. ಓ. ಅರ್ಮ್‌ಸನ್ ಅವರು 1952ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇಂಥ ಕ್ರಿಯಾಪದಗಳನ್ನು ಆವರಣಚಿಹ್ನೆಯೊಳಗಿನ ಮಾತುಗಳಿಗೆ ಹೋಲುವಂಥವು ಎಂದು ಗುರುತಿಸಿದರು. ಅವು ಹೇಳುವವನ ಮನಸ್ಸಿನ ವರದಿಗಳಲ್ಲ. ಮುಖ್ಯವಾದ ಮಾತನ್ನು ಎಷ್ಟು ನಂಬಿಕೆಯಿಂದ, ಯಾವ ರೀತಿಯಲ್ಲಿ ಸ್ವೀಕರಿಸಬೇಕೆಂದು ಕೇಳುವವನಿಗೆ ಕೊಡುವ ಸೂಚನೆಗಳು ಎಂಬುದು ಅವರ ವಾದದ ತಿರುಳು.

ಇದೆಲ್ಲ ಉತ್ತಮಪುರುಷದಲ್ಲಿ ಮಾತ್ರ ಏಕೆ ಹೀಗೆ? ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ತ್ ಅವರು 1958ರ ಒಂದು ಲೇಖನದಲ್ಲಿ ಇದಕ್ಕೆ ಬೆಳಕು ಚೆಲ್ಲಿದರು. ‘ಅವನು ಹಾಗೆ ನಂಬುತ್ತಾನೆ’ ಎಂದರೆ ಒಬ್ಬನ ಮನಸ್ಸಿನ ಸ್ಥಿತಿಯನ್ನು ಹೊರಗಿನಿಂದ ವರ್ಣಿಸಿದಂತಾಯಿತು. ‘ನಾನು ಹಾಗೆ ನಂಬುತ್ತೇನೆ’ ಎಂದಾಗ ವರ್ಣನೆಯಿಲ್ಲ. ಹೇಳುವ ಸಂಗತಿಯ ಬಗೆಗೆ ನನ್ನ ನಿಲುವನ್ನು ಆ ಕ್ಷಣದಲ್ಲಿಯೇ ಪ್ರಕಟಿಸಿದಂತಾಯಿತು. ಕೇಂಬ್ರಿಡ್ಜಿನಲ್ಲಿ ಜಿ. ಇ. ಮೂರ್ ಅವರು ಎತ್ತಿದ ಒಂದು ಒಗಟೂ ಇದಕ್ಕೆ ಸಂಬಂಧಿಸಿದುದೇ. ‘ಹೊರಗೆ ಮಳೆ ಬರುತ್ತಿದೆ, ಆದರೆ ಅವನು ಅದನ್ನು ನಂಬುವುದಿಲ್ಲ’ ಎಂದರೆ ಅರ್ಥವಾಗುತ್ತದೆ. ‘ಹೊರಗೆ ಮಳೆ ಬರುತ್ತಿದೆ, ಆದರೆ ನಾನು ಅದನ್ನು ನಂಬುವುದಿಲ್ಲ’ ಎಂದರೆ ಕೇಳಿದವರು ನಗುತ್ತಾರೆ. ಎರಡರಲ್ಲಿಯೂ ವ್ಯಾಕರಣದೋಷವಿಲ್ಲ, ಸಂಗತಿಗಳ ವಿರೋಧವೂ ಇಲ್ಲ. ಆದರೂ ಎರಡನೆಯದು ನಿಲ್ಲುವುದಿಲ್ಲ. ಏಕೆಂದರೆ ಒಂದು ಮಾತನ್ನು ಆಡುವುದೆಂದರೆ ಅದಕ್ಕೆ ಜಾಮೀನು ನಿಂತಂತೆ. ಒಂದು ಕೈಯಿಂದ ಜಾಮೀನು ಪತ್ರಕ್ಕೆ ರುಜು ಹಾಕಿ ಇನ್ನೊಂದು ಕೈಯಿಂದ ಅದನ್ನು ಹರಿದುಹಾಕಲು ಬರುವುದಿಲ್ಲ. ಈ ಒಗಟಿಗೆ ಮೂರ್ ಅವರ ಹೆಸರನ್ನು ಕೊಟ್ಟು ಅದನ್ನು ಪ್ರಸಿದ್ಧಿಗೆ ತಂದವನು ವಿಟ್‌ಗೆನ್‌ಸ್ಟೈನ್.

ಜಾಮೀನಿನ ಈ ಹೋಲಿಕೆಯನ್ನೇ ಮುಂದುವರಿಸಿದರೆ ನುಡಿಗಟ್ಟುಗಳ ಪರಸ್ಪರ ವ್ಯತ್ಯಾಸ ತಿಳಿಯಾಗುತ್ತದೆ. ಒಂದೊಂದೂ ಒಂದೊಂದು ಮೊತ್ತದ ಜಾಮೀನು. ‘ಐ ಗೆಸ್’ ಎಂದರೆ ಊಹೆಯಷ್ಟೆ. ತಪ್ಪಿದರೆ ನನ್ನನ್ನು ಹಿಡಿಯಬೇಡಿ ಎಂದು. ‘ಐ ಸಪೋಸ್’ ಎಂದರೆ ಮನಸ್ಸಿಲ್ಲದಿದ್ದರೂ ಒಪ್ಪಿಕೊಳ್ಳಬೇಕಾಗಿದೆ ಎಂಬ ಛಾಯೆ ಅನೇಕ ವೇಳೆ ಸೇರಿರುತ್ತದೆ. ‘ಐ ಗ್ಯಾದರ್’ ಎಂಬಲ್ಲಿ ಅಲ್ಲಲ್ಲಿ ಕೇಳಿದ್ದನ್ನು, ಕಂಡದ್ದನ್ನು ಕಲೆಹಾಕಿ ಈ ತೀರ್ಮಾನಕ್ಕೆ ಬಂದೆನೆಂಬ ಸೂಚನೆಯಿದೆ. ‘ಐ ಅಂಡರ್‌ಸ್ಟ್ಯಾಂಡ್’ ಎಂಬುದು ಬಹಳ ವೇಳೆ ನಮ್ಮ ‘ಅಂತೆ’ಗೆ ಹತ್ತಿರವಾದದ್ದು. ಜೇನ್ ಆಸ್ಟೆನ್ನಳ ಪಾತ್ರಗಳ ಬಾಯಲ್ಲಿ ಮತ್ತೆಮತ್ತೆ ಬರುವ ‘ಐ ಡೇರ್ ಸೇ’ ಎಂಬುದರಲ್ಲಿ ಹೆಸರಿಗೆ ಧೈರ್ಯವಿದ್ದರೂ ಅದರ ಅರ್ಥ ‘ಹಾಗೇ ಇದ್ದೀತು’ ಎಂಬುದಷ್ಟೆ. ಇನ್ನು ‘ಐ ಆ್ಯಮ್ ಅಫ್ರೇಡ್’. ಸಾಹೇಬರು ಊರಿನಲ್ಲಿಲ್ಲವೆಂದು ಗುಮಾಸ್ತೆ ಈ ಮಾತನ್ನು ಸೇರಿಸಿ ಹೇಳಿದಾಗ ಅವನಿಗೆ ಯಾವ ಭಯವೂ ಆಗಿರುವುದಿಲ್ಲ. ನಿಮಗೆ ಒಪ್ಪಿತವಲ್ಲದ ಸುದ್ದಿಯನ್ನು ಹೇಳಬೇಕಾಯಿತಲ್ಲಾ ಎಂಬ ಉಪಚಾರ ಅದು. 1871ರಲ್ಲಿ ಆಫ್ರಿಕದ ಉಜಿಜಿ ಎಂಬಲ್ಲಿ ಲಿವಿಂಗ್‌ಸ್ಟನ್ನನನ್ನು ಪತ್ತೆಹಚ್ಚಿದ ಸ್ಟ್ಯಾನ್ಲಿ, ತಾನು ಅವನನ್ನು ಎದುರುಗೊಂಡದ್ದು ‘ಐ ಪ್ರಿಸ್ಯೂಮ್’ ಎಂಬ ಮಾತನ್ನು ಸೇರಿಸಿ ಎಂದು ಬರೆದುಕೊಂಡನು. ತಿಂಗಳುಗಟ್ಟಲೆ ಹುಡುಕಿಕೊಂಡು ಬಂದವನು, ಆ ಊರಿನಲ್ಲಿದ್ದ ಏಕೈಕ ಯುರೋಪಿಯನ್ನನನ್ನು ಕಂಡು, ‘ಇರಬಹುದೆಂದು ಭಾವಿಸುತ್ತೇನೆ’ ಎಂದನೆಂಬುದು ಜಗತ್ತಿಗೆ ಇಂದಿಗೂ ನಗೆಯ ವಸ್ತು. ಲಕ್ಷದ ಆಸ್ತಿಯಿದ್ದಲ್ಲಿ ಒಂದು ರೂಪಾಯಿಯ ಜಾಮೀನು!

ಈ ಪದ್ಧತಿ ಇಂಗ್ಲಿಷಿಗೆ ಎಲ್ಲಿಂದ ಬಂತು? ಹಳೆಯ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳಿದ್ದವು. ಒಂದರ ಅರ್ಥ ಯೋಚಿಸು. ಇನ್ನೊಂದರ ಅರ್ಥ ತೋರು. ಉಚ್ಚಾರಣೆಯಲ್ಲಿ ಹತ್ತಿರವಿದ್ದ ಇವೆರಡೂ ಕಾಲಕ್ರಮದಲ್ಲಿ ಒಂದರೊಳಗೊಂದು ಬೆರೆತುಹೋದವು. ಎರಡನೆಯದರ ಜೊತೆಗೆ ‘ನಾನು’ ಬರುತ್ತಿರಲಿಲ್ಲ, ‘ನನಗೆ’ ಬರುತ್ತಿತ್ತು. ಷೇಕ್ಸ್‌ಪಿಯರನ ನಾಟಕಗಳನ್ನು ಓದಿದವರಿಗೆ ಪರಿಚಿತವಾದ ‘ಮಿಥಿಂಕ್ಸ್’ ಎಂಬ ಮಾತು ಆ ಹಳೆಯ ಪ್ರಯೋಗದ ಉಳಿಕೆ. ಅದರ ಅಕ್ಷರಶಃ ಅರ್ಥ ‘ನನಗೆ ತೋರುತ್ತದೆ’ ಎಂದು. ‘ಲೈಕ್’ ಎಂಬ ಕ್ರಿಯಾಪದವೂ ಹಿಂದೆ ಹೀಗೆಯೇ ಇತ್ತು. ವಸ್ತು ಮನುಷ್ಯನಿಗೆ ಹಿತವಾಗುತ್ತಿತ್ತು, ಮನುಷ್ಯ ವಸ್ತುವನ್ನು ಮೆಚ್ಚುತ್ತಿರಲಿಲ್ಲ. ಚತುರ್ಥಿಯಲ್ಲಿ ವಿನಯವಾಗಿ ಕುಳಿತಿದ್ದ ಮನುಷ್ಯ ಶತಮಾನಗಳು ಉರುಳಿದಂತೆ ಪ್ರಥಮೆಗೆ ಬಂದು ಕರ್ತೃವಾದ. ಇಂದು ಅಮೆರಿಕದವರ ಪ್ರಯೋಗವೆಂದು ಇಂಗ್ಲೆಂಡಿನವರು ಭಾವಿಸುವ ‘ಐ ಗೆಸ್’ ಕೂಡ ಹದಿನಾಲ್ಕನೆಯ ಶತಮಾನದ ಚಾಸರನಲ್ಲಿ ದೊರೆಯುತ್ತದೆ.

ಆಸ್ಟ್ರೇಲಿಯದಲ್ಲಿ ನೆಲೆಸಿದ ಪೋಲೆಂಡಿನ ವಿದುಷಿ ಅನ್ನಾ ವಿಯೆರ್ಜ್‌ಬಿಟ್ಸ್ಕಾ ಅವರು 2006ರ ತಮ್ಮ ಗ್ರಂಥದಲ್ಲಿ ಇನ್ನೊಂದು ಕಾರಣವನ್ನು ಮುಂದಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಈ ನುಡಿಗಟ್ಟುಗಳು ಇಷ್ಟು ಬೆಳೆದುದರ ಹಿಂದೆ ಜಾನ್ ಲಾಕನ ಚಿಂತನೆಯ ಪ್ರಭಾವವಿದೆ ಎಂಬುದು ಅವರ ಮತ. 1690ರ ಮುದ್ರೆಯನ್ನು ಹೊತ್ತ ತನ್ನ ಮಹಾಪ್ರಬಂಧದ ನಾಲ್ಕನೆಯ ಭಾಗದಲ್ಲಿ ಲಾಕ್, ಒಪ್ಪಿಗೆಗೆ ಅನೇಕ ಮೆಟ್ಟಿಲುಗಳಿವೆ, ಆಧಾರವಿದ್ದಷ್ಟೇ ಒಪ್ಪಿಗೆಯಿರಬೇಕು ಎಂದು ವಾದಿಸಿದನು. ನಮ್ಮ ಅರಿವು ಅಲ್ಪವಾದುದರಿಂದ ಭಿನ್ನಾಭಿಪ್ರಾಯವುಳ್ಳವರನ್ನು ಸಹನೆಯಿಂದ ಕಾಣಬೇಕೆಂದೂ ಹೇಳಿದನು. ಮತಗಳ ಹೆಸರಿನಲ್ಲಿ ಅಂತರ್ಯುದ್ಧವನ್ನು ಕಂಡ ನಾಡಿನಲ್ಲಿ ಈ ಮಾತಿಗೆ ಬೆಲೆಯಿತ್ತು. ನುಡಿಗಟ್ಟುಗಳು ಲಾಕನಿಗಿಂತ ಹಳೆಯವು ಎಂಬುದಕ್ಕೆ ಚಾಸರನೇ ಸಾಕ್ಷಿ. ಆದರೆ ಮನೆಯಲ್ಲಿ ಮೊದಲೇ ಇದ್ದ ಪಾತ್ರೆಗೆ ಹೊಸ ಕಾಲದಲ್ಲಿ ಹೊಸ ಉಪಯೋಗ ಬಂದಿರಬಹುದಷ್ಟೆ.

ಆ ಉಪಯೋಗವನ್ನು ತಿಳಿದು ಅಭ್ಯಾಸಮಾಡಿದವನೆಂದರೆ ಬೆಂಜಮಿನ್ ಫ್ರಾಂಕ್ಲಿನ್. ನೀನು ಗರ್ವಿಷ್ಠನೆಂದು ಜನ ಭಾವಿಸುತ್ತಾರೆ ಎಂದು ಕ್ವೇಕರ್ ಪಂಥದ ಗೆಳೆಯನೊಬ್ಬ ಎಚ್ಚರಿಸಿದ ಮೇಲೆ, ತಾನು ಸಾಧಿಸಬೇಕೆಂದು ಬರೆದಿಟ್ಟುಕೊಂಡಿದ್ದ ಹನ್ನೆರಡು ಸದ್ಗುಣಗಳಿಗೆ ಹದಿಮೂರನೆಯದಾಗಿ ವಿನಯವನ್ನು ಸೇರಿಸಿದನೆಂದು ಅವನ ಆತ್ಮಕಥೆಯಲ್ಲಿದೆ. ‘ನಿಸ್ಸಂದೇಹವಾಗಿ’, ‘ಖಂಡಿತವಾಗಿ’ ಎಂಬ ಮಾತುಗಳನ್ನು ಅವನು ಬಿಟ್ಟುಕೊಟ್ಟನು. ಅವುಗಳ ಬದಲಿಗೆ, ಸದ್ಯಕ್ಕೆ ನನಗೆ ಹೀಗೆ ತೋರುತ್ತದೆ ಎಂಬರ್ಥದ ಮಾತುಗಳನ್ನು ರೂಢಿಸಿಕೊಂಡನು. ಫಿಲಡೆಲ್ಫಿಯದಲ್ಲಿ ಅವನು 1727ರಲ್ಲಿ ಕಟ್ಟಿದ ಚರ್ಚಾಕೂಟದಲ್ಲಿ ಅತಿ ಖಚಿತವಾದ ಮಾತನ್ನಾಡಿದವರಿಗೆ ಸಣ್ಣ ದಂಡವನ್ನೂ ವಿಧಿಸುತ್ತಿದ್ದರು. ಸ್ವಾರಸ್ಯವೆಂದರೆ, ವಿನಯವನ್ನು ತಾನು ನಿಜವಾಗಿ ಗಳಿಸಿದೆನೆಂದು ಫ್ರಾಂಕ್ಲಿನ್ ಹೇಳಿಕೊಳ್ಳುವುದಿಲ್ಲ. ಅದರ ತೋರಿಕೆಯನ್ನು ಮಾತ್ರ ಚೆನ್ನಾಗಿ ಗಳಿಸಿದೆನೆನ್ನುತ್ತಾನೆ. ಆದರೂ ತಾನು ಒಳ್ಳೆಯ ವಾಗ್ಮಿಯಲ್ಲದಿದ್ದರೂ ಸಭೆಗಳಲ್ಲಿ ತನ್ನ ಮಾತು ನಡೆದುದಕ್ಕೆ ಈ ಅಭ್ಯಾಸವೂ ಕಾರಣವೆಂದು ಅವನ ನಂಬಿಕೆ. 1787ರ ಸೆಪ್ಟೆಂಬರ್ 17ರಂದು ಅಮೆರಿಕದ ಸಂವಿಧಾನಕ್ಕೆ ರುಜು ಹಾಕುವ ದಿನ, 81 ವರ್ಷದ ಫ್ರಾಂಕ್ಲಿನ್ ಬರೆದು ತಂದ ಭಾಷಣವನ್ನು ಜೇಮ್ಸ್ ವಿಲ್ಸನ್ ಓದಿದನು. ಇದರ ಕೆಲವು ಭಾಗಗಳನ್ನು ನಾನು ಈಗ ಒಪ್ಪುವುದಿಲ್ಲ, ಆದರೆ ಎಂದಿಗೂ ಒಪ್ಪಲಾರೆನೆಂದು ಹೇಳಲಾರೆ ಎಂಬ ಧಾಟಿಯ ಭಾಷಣ ಅದು. ತಮ್ಮ ತಮ್ಮ ಅಭಿಪ್ರಾಯದ ಮೇಲೆ ಅಂಥದೇ ಒಂದು ಸಣ್ಣ ಸಂದೇಹವನ್ನು ಇಟ್ಟುಕೊಂಡು ರುಜು ಹಾಕಿರೆಂದು ಅವನು ಉಳಿದವರನ್ನೂ ಕೇಳಿಕೊಂಡನು. ಅಲ್ಲಿದ್ದ ಮೂವರು ಒಪ್ಪಲಿಲ್ಲ. ಮೂವತ್ತೊಂಬತ್ತು ರುಜುಗಳು ಬಿದ್ದವು.

ಹೀಗೆಂದ ಮಾತ್ರಕ್ಕೆ ‘ಐ ಥಿಂಕ್’ ಎಲ್ಲೆಡೆಯೂ ಸಂದೇಹದ ಚಿಹ್ನೆಯೆಂದು ತಿಳಿಯಬಾರದು. ಅಮೆರಿಕದ ರಾಬಿನ್ ಲೇಕಾಫ್ ಅವರು 1975ರ ತಮ್ಮ ಪುಸ್ತಕದಲ್ಲಿ, ಇಂಥ ಮಾತುಗಳು ಸ್ತ್ರೀಯರ ಬಾಯಲ್ಲಿ ಹೆಚ್ಚು. ಸಮಾಜ ಅವರಲ್ಲಿ ಹುಟ್ಟಿಸಿದ ಅಳುಕು ಅದಕ್ಕೆ ಕಾರಣ ಎಂದು ಸೂಚಿಸಿದ್ದರು. ನ್ಯೂಜಿಲೆಂಡಿನ ಜಾನೆಟ್ ಹೋಮ್ಸ್ ಅವರು ಜನರ ನಿಜವಾದ ಸಂಭಾಷಣೆಗಳನ್ನು ಪರೀಕ್ಷಿಸಿ, 1990ರಲ್ಲಿ ಬೇರೊಂದು ಚಿತ್ರವನ್ನು ಕೊಟ್ಟರು. ಸ್ವರವನ್ನು ಮೇಲೆತ್ತಿ ಹಗುರವಾಗಿ ಆಡಿದ ‘ಐ ಥಿಂಕ್’ ಅನುಮಾನವನ್ನು ಸೂಚಿಸುತ್ತದೆ; ‘ಥಿಂಕ್’ ಎಂಬುದರ ಮೇಲೆ ಒತ್ತು ಕೊಟ್ಟು ವಾಕ್ಯದ ಮೊದಲಲ್ಲಿ ಆಡಿದ್ದು ಮಾತಿಗೆ ತೂಕವನ್ನೇ ಕೊಡುತ್ತದೆ. ಅವರು ಪರೀಕ್ಷಿಸಿದ ಸಂಭಾಷಣೆಗಳಲ್ಲಿ ಸ್ತ್ರೀಯರು ಈ ಎರಡನೆಯ ಬಗೆಯನ್ನೇ ಹೆಚ್ಚಾಗಿ ಬಳಸಿದ್ದರು.

ಇದನ್ನರಿಯದಿದ್ದರೆ ನಷ್ಟ ಬರಿಯ ಪಾಂಡಿತ್ಯದ್ದಲ್ಲ. ವಿದೇಶದಲ್ಲಿ ಓದುವ ನಮ್ಮ ವಿದ್ಯಾರ್ಥಿಗೆ ಅವನ ಪ್ರಾಧ್ಯಾಪಕರು, ಈ ಅಧ್ಯಾಯವನ್ನು ಮತ್ತೊಮ್ಮೆ ಬರೆಯುವುದು ಒಳ್ಳೆಯದೆಂದು ‘ಐ ಥಿಂಕ್’ ಸೇರಿಸಿ ಹೇಳಿದರೆ, ಅದು ಬಹುಮಟ್ಟಿಗೆ ಅಪ್ಪಣೆ. ಸಲಹೆಯೆಂದು ತಿಳಿದು ಸುಮ್ಮನಿದ್ದರೆ ಅವನಿಗೆ ಪೆಟ್ಟು. ವೈದ್ಯರು ಶಸ್ತ್ರಚಿಕಿತ್ಸೆ ಬೇಕೆಂಬುದನ್ನು ಅದೇ ಮಾತಿನೊಡನೆ ಹೇಳಿದಾಗ, ‘ಇವರಿಗೇ ಖಚಿತವಿಲ್ಲ’ ಎಂದು ರೋಗಿ ಎದ್ದುಬಂದರೆ ಅಪಾಯ ಇನ್ನೂ ದೊಡ್ಡದು. ಇನ್ನು ನ್ಯಾಯಾಲಯದಲ್ಲಿ ಸಾಕ್ಷಿಯೊಬ್ಬ ‘ಐ ಥಿಂಕ್’ ಎಂದರೆ ಎದುರು ಪಕ್ಷದ ವಕೀಲರಿಗೆ ಹಬ್ಬ. ‘ನಿಮಗೆ ಗೊತ್ತೋ, ಅಥವಾ ನಿಮ್ಮ ಭಾವನೆಯೋ?’ ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಆ ವಕೀಲರಾದರೂ ಸ್ವಂತ ಅಭಿಪ್ರಾಯವನ್ನು ಹೇಳುವಂತಿಲ್ಲ. ಆದ್ದರಿಂದ ಅವರು ‘ಐ ಸಬ್ಮಿಟ್’ ಎನ್ನುತ್ತಾರೆ. ವಾದವನ್ನು ನ್ಯಾಯಪೀಠದ ಮುಂದಿಟ್ಟಿದ್ದೇನೆ, ನಂಬುವ ಹೊಣೆ ನನ್ನದಲ್ಲ ಎಂದು ಅದರ ತಾತ್ಪರ್ಯ.

ಇವನ್ನೆಲ್ಲ ಕನ್ನಡಕ್ಕೆ ತರುವಾಗ ನಮ್ಮ ಅನುವಾದಕರು ಪಡುವ ಪಾಡು ಪತ್ರಿಕೆಗಳನ್ನು ಓದುವವರಿಗೆಲ್ಲ ತಿಳಿದದ್ದೇ. ‘ಮಳೆ ಬರುತ್ತದೆಂದು ನಾನು ಯೋಚಿಸುತ್ತೇನೆ’ ಎಂಬ ವಾಕ್ಯದಲ್ಲಿ ಪದಗಳು ಕನ್ನಡ, ಪ್ರಾಣ ಮಾತ್ರ ಕನ್ನಡದ್ದಲ್ಲ. ‘ಐ ಬಿಲೀವ್’ ಎಂಬ ಹಗುರವಾದ ಮಾತು ‘ನಾನು ನಂಬುತ್ತೇನೆ’ ಎಂದಾದಾಗ ದೇವರ ಮೇಲೆ ಆಣೆಯಿಟ್ಟಂತೆ ಭಾರವಾಗುತ್ತದೆ. ವಾಸ್ತವವಾಗಿ ನಮಗೆ ಬಡತನವೇನೂ ಇಲ್ಲ. ಇಂಗ್ಲಿಷ್ ಕಳೆದುಕೊಂಡ ‘ನನಗೆ’ ನಮ್ಮಲ್ಲಿ ಉಳಿದಿದೆ. ನನಗೆ ತೋರುತ್ತದೆ, ನನಗೆ ಅನ್ನಿಸುತ್ತದೆ ಎನ್ನುವಾಗ ಅಭಿಪ್ರಾಯ ನಮ್ಮಲ್ಲಿಗೆ ಬರುತ್ತದೆ. ನಾವು ಅದರ ಒಡೆಯರಲ್ಲ, ಆತಿಥೇಯರು. ‘ನಾನು’ ‘ನನಗೆ’ ಯಾವುದೂ ಬೇಡವಾದರೆ ಕ್ರಿಯಾಪದದ ಸಂಭಾವನಾರ್ಥಕ ರೂಪವಿದೆ. ‘ಮಳೆ ಬಂದೀತು’, ‘ಅವನು ಬಂದಾನು’ ಎಂದಾಗ ಇಂಗ್ಲಿಷಿನವನ ಅರ್ಧ ವಾಕ್ಯ ನಮ್ಮಲ್ಲಿ ಒಂದು ಪ್ರತ್ಯಯದಲ್ಲಿ ಅಡಗುತ್ತದೆ. ‘ಇರಬೇಕು’ ಎಂಬುದರಲ್ಲಿ ತರ್ಕದಿಂದ ಬಂದ ಊಹೆ, ‘ಅಂತೆ’ಯಲ್ಲಿ ಕೇಳಿದ ಸುದ್ದಿ, ‘ಏನೋ’ ಎಂಬಲ್ಲಿ ಕೈಬಿಟ್ಟ ಹೊಣೆ. ಜಾಮೀನಿನ ಮೊತ್ತವನ್ನು ಸೂಚಿಸುವ ಈ ಎಲ್ಲ ಸಾಧನಗಳೂ ನಮ್ಮಲ್ಲಿ ವಾಕ್ಯದ ತುದಿಯಲ್ಲಿ ಕುಳಿತಿವೆ. ಕನ್ನಡದಲ್ಲಿ ಮಾತನ್ನು ಕೊನೆಯವರೆಗೂ ಕೇಳಬೇಕು. ಇಂಗ್ಲಿಷಿನಲ್ಲಿ ಮೊದಲ ಎರಡು ಪದಗಳ ರಾಗವನ್ನೂ ಕೇಳಬೇಕು.

ಕೊನೆಯದಾಗಿ ಒಂದು ಮಾತು. ಎಲ್ಲ ಒಳ್ಳೆಯ ಸಾಧನಗಳಂತೆ ಇದೂ ದುರುಪಯೋಗಕ್ಕೆ ಒಳಗಾಗದೆ ಇಲ್ಲ. ಕಣ್ಣೆದುರಿನ ಅನ್ಯಾಯವನ್ನು ಕೂಡ ‘ಅದು ನನ್ನ ಅಭಿಪ್ರಾಯವಷ್ಟೆ’ ಎಂದು ಮೆತ್ತಗೆ ಹೇಳಿ ಜಾರಿಕೊಳ್ಳುವವರುಂಟು. ಸ್ಥಿರವಾದ ಸತ್ಯವನ್ನೂ ‘ನಿಮಗೆ ಹಾಗೆ ತೋರುತ್ತದೆ, ನನಗೆ ಹೀಗೆ ತೋರುತ್ತದೆ’ ಎಂದು ಗಾಳಿಗೆ ತೂರುವವರೂ ಉಂಟು. ಭೂಮಿ ದುಂಡಗಿದೆ ಎಂಬಲ್ಲಿ ‘ಐ ಥಿಂಕ್’ ವಿನಯವಲ್ಲ, ಕಳ್ಳತನ. ಗೊತ್ತಿರುವುದನ್ನು ಗೊತ್ತಿದೆಯೆಂದು ನೇರವಾಗಿ ಹೇಳುವುದು, ಗೊತ್ತಿಲ್ಲದ ಕಡೆ ಎಷ್ಟು ಗೊತ್ತೆಂಬುದನ್ನು ತೂಗಿ ಹೇಳುವುದು — ಇವೆರಡೂ ಒಂದೇ ಪ್ರಾಮಾಣಿಕತೆಯ ಎರಡು ಮುಖಗಳು. ಎದುರಿಗಿರುವವನಿಗೂ ಒಂದು ‘ನಾನು’ ಇದೆ, ಅವನಿಗೂ ಏನೋ ತೋರುತ್ತಿರಬಹುದು ಎಂಬ ಅರಿವಿನಿಂದ ಆಡಿದಾಗ ಮಾತ್ರ ಆ ಎರಡು ಪುಟ್ಟ ಪದಗಳು ಸಂಭಾಷಣೆಯ ಬಾಗಿಲನ್ನು ತೆರೆದಿಡುತ್ತವೆ.